ರೋಟ್ ಮತ್ತು ರಿಟನ್

ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಮೇಷ್ಟರು ನನ್ನ ಪಕ್ಕದ ಹುಡುಗನನ್ನು ಎಬ್ಬಿಸಿ, ಮನೆಪಾಠ ಬರೆದಿರುವೆಯಾ ಎಂದು ಕೇಳಿದರು. ‘ಐ ಹ್ಯಾವ್ ರೋಟ್, ಸಾರ್’ ಎಂದ. ಬರೆದಿದ್ದುದು ನಿಜ. ಆದರೂ ಆ ‘ರೋಟ್’ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿತು. ‘ರೈಟ್, ರೋಟ್, ರಿಟನ್’ ಎಂದು ನೂರು ಸಲ ಬರೆಯಬೇಕಾಯಿತು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ವರ್ಷ ಅವನು ಇಂಗ್ಲಿಷಿನಲ್ಲಿ ನಪಾಸಾಗಿ ಶಾಲೆ ಬಿಟ್ಟ.

ಕನ್ನಡ ಪಾಠ ಹೇಳಿಯೇ ಆಯುಷ್ಯ ಕಳೆದ ನನಗೆ ಆ ಮೂರು ಪದಗಳ ಚರಿತ್ರೆಯನ್ನು ಓದುವ ಬಿಡುವು ದೊರೆತದ್ದು ನಿವೃತ್ತಿಯ ಮೇಲೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಧಾತುವಿನ ಭೂತರೂಪ ಒಂದೇ ಆಗಿರಲಿಲ್ಲ. ಅವನೊಬ್ಬ ಬರೆದರೆ ‘ವ್ರಾಟ್’, ಹಲವರು ಬರೆದರೆ ‘ವ್ರಿಟೊನ್’, ಭೂತಕೃದಂತವು ‘ವ್ರಿಟೆನ್’. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದವು, ಏಕವಚನ ಬಹುವಚನಗಳ ಭೇದ ಅಳಿಯಿತು. ಉಳಿದ ರೂಪಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತವು. ‘ಅವನು ಹಾಡಿದನು’ ಎನ್ನಲು ‘ಸ್ಯಾಂಗ್’ ಎನ್ನುವವರೂ ‘ಸಂಗ್’ ಎನ್ನುವವರೂ ಜತೆಜತೆಗೇ ಇದ್ದರು. ಕೆಲವು ಧಾತುಗಳು ಈ ಗೊಡವೆಯೇ ಬೇಡವೆಂದು ‘-ಎಡ್’ ಪ್ರತ್ಯಯಕ್ಕೆ ಶರಣಾದವು. ‘ಹೆಲ್ಪ್’ ಧಾತುವಿನ ‘ಹೋಲ್ಪನ್’ ಎಂಬ ಹಳೆಯ ಕೃದಂತವನ್ನು ಈಗ 1611ರ ಬೈಬಲ್ ಅನುವಾದದಂಥ ಗ್ರಂಥಗಳಲ್ಲಿ ಹುಡುಕಬೇಕು.

ಇಂಥ ಸ್ಥಿತಿಯಲ್ಲಿ, 1762ರಲ್ಲಿ, ರಾಬರ್ಟ್ ಲೌತ್ ಎಂಬ ವಿದ್ವಾಂಸನ ಚಿಕ್ಕ ವ್ಯಾಕರಣವೊಂದು ಪ್ರಕಟವಾಯಿತು. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದವನು, ಮುಂದೆ ಲಂಡನ್ನಿನ ಬಿಷಪ್ ಆದವನು. ಭೂತರೂಪವನ್ನು ಕೃದಂತದ ಸ್ಥಾನದಲ್ಲಿ ಬಳಸುವುದು ಕೂಡದೆಂದು ಆತ ಖಂಡಿಸಿದ. ತಪ್ಪಿಗೆ ಉದಾಹರಣೆಗಳನ್ನು ಎಲ್ಲಿಂದ ಆರಿಸಿದ ಗೊತ್ತೇ? ಮಿಲ್ಟನ್, ಡ್ರೈಡನ್, ಸ್ವಿಫ್ಟ್, ಅಡಿಸನ್, ಪೋಪ್ — ಇಂಥವರ ಬರಹಗಳಿಂದ! ನನ್ನ ಸಹಪಾಠಿ ಬೆಂಚಿನ ಮೇಲೆ ನಿಂತದ್ದು ಎಂಥ ಮಹನೀಯರ ಪಂಕ್ತಿಯಲ್ಲಿ ಎಂಬುದು ನನಗೆ ತಿಳಿದದ್ದು ಆಗ.

ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ಕ್ಕೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಯ್ದುಕೊಂಡವನು. ಆದರೆ ಅವನಿಗೆ ಕವಿಗಳು ಲಕ್ಷ್ಯ, ಎಂದರೆ ಪ್ರಮಾಣ. ಲೌತನ ಅಡಿಟಿಪ್ಪಣಿಗಳಲ್ಲಿ ಅವರು ಆಪಾದಿತರು. ಕನ್ನಡದವನಾದ ನನ್ನ ಪಕ್ಷಪಾತ ಯಾರ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಉಂಟು. ಲೌತ್ 1755ರಲ್ಲಿ ಐರ್ಲೆಂಡಿಗೆ ಹೋಗಿದ್ದಾಗ ಹೆಂಡತಿಗೆ ಬರೆದ ಕಾಗದಗಳು ಉಳಿದಿವೆ. ಅವನ್ನು ಪರಿಶೀಲಿಸಿದ ವಿದ್ವಾಂಸರು ತೋರಿಸಿರುವಂತೆ, ಆ ಕಾಗದಗಳಲ್ಲಿ ‘ರಿಟನ್’ ಇರಬೇಕಾದಲ್ಲಿ ಆತ ಸಲೀಸಾಗಿ ‘ರೋಟ್’ ಎಂದಿದ್ದಾನೆ! ಇದನ್ನು ಕಪಟವೆಂದು ನಾನು ತಿಳಿಯಲಾರೆ. ಮನೆಮಾತು ಬೇರೆ, ಗ್ರಂಥದ ಮಾತು ಬೇರೆ. ಅಚ್ಚಿನ ಭಾಷೆಗೆಂದು ಹೇಳಿದ ನಿಯಮ ಹೆಂಡತಿಯ ಕಾಗದಕ್ಕೇಕೆ?

ನಿಯಮ ಗೆದ್ದದ್ದು ಶಾಲೆಗಳಲ್ಲಿ. 1795ರಲ್ಲಿ ಲಿಂಡ್ಲಿ ಮರ್ರೆ ಎಂಬಾತ ಯಾರ್ಕ್ ನಗರದ ಬಾಲಿಕಾ ಶಾಲೆಯೊಂದಕ್ಕಾಗಿ ಬರೆದ ವ್ಯಾಕರಣವು ಲೌತನಿಂದ ಹೇರಳವಾಗಿ ಪಡೆದುಕೊಂಡಿತು, ಲಕ್ಷಗಟ್ಟಲೆ ಮಾರಾಟವಾಯಿತು. ಅಂಥ ಪುಸ್ತಕಗಳ ಸಂತತಿಯೇ ನಮ್ಮ ರೆನ್ ಮತ್ತು ಮಾರ್ಟಿನ್. ಆದರೂ ನಿಯಮ ಎಲ್ಲೆಡೆ ಒಂದೇ ಅಲ್ಲ: ಇಂಗ್ಲೆಂಡಿನವರು ಸಾಮಾನ್ಯವಾಗಿ ಕೈಬಿಟ್ಟ ‘ಗಾಟನ್’ ಅಮೆರಿಕದಲ್ಲಿ ಇಂದಿಗೂ ಶುದ್ಧ ಪ್ರಯೋಗ.

ಇಷ್ಟನ್ನು ಓದಿಯೂ ನಾನು ತಿದ್ದುವುದನ್ನು ಬಿಟ್ಟಿಲ್ಲ. ಪರೀಕ್ಷೆಗೆ ಚರಿತ್ರೆ ಬೇಕಿಲ್ಲವಲ್ಲ. ಮೊನ್ನೆ ಮೊಮ್ಮಗಳು ‘ಹ್ಯಾವ್ ವೆಂಟ್’ ಎಂದಳು. ‘ಗಾನ್’ ಎನ್ನಮ್ಮ ಎಂದೆ. “ಗೋ ಎಂಬುದಕ್ಕೆ ವೆಂಟ್ ಎಲ್ಲಿಂದ ಬಂತು ತಾತ?” ಎಂದು ಕೇಳಿದಳು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ‘ವೆಂಡ್’ ಎಂಬ ಬೇರೊಂದು ಧಾತುವಿತ್ತು. ‘ಸೆಂಡ್’ಗೆ ‘ಸೆಂಟ್’ ಇರುವಂತೆ ಅದಕ್ಕೆ ‘ವೆಂಟ್’. ‘ಗೋ’ ತನ್ನ ಹಳೆಯ ಭೂತರೂಪವನ್ನು ಕಳೆದುಕೊಂಡು ಇದನ್ನು ಆ ಮನೆಯಿಂದ ತಂದಿಟ್ಟುಕೊಂಡಿತು.

“ಹಿಂದಿರುಗಿಸಲೇ ಇಲ್ಲವೇ?” ಎಂದಳು.