ಆಟ ಎದ್ದುಹೋಗಿ ವರ್ಕೌಟ್ ಬಂದು ಕೂತಿತು

“ಕಾಮಿಡಿ ವರ್ಕೌಟ್ ಆಗಿದೆ, ಸಾಂಗ್ಸ್ ಅಷ್ಟಾಗಿ ವರ್ಕೌಟ್ ಆಗಿಲ್ಲ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು.” ಶುಕ್ರವಾರ ಮಧ್ಯಾಹ್ನ ಅಳ್ನಾವರ ಜಂಕ್ಷನ್ನಿನಲ್ಲಿ ರೈಲು ಕಾಯುವವರ ಮೊಬೈಲಿನಿಂದ ಇಂಥದೊಂದು ತೀರ್ಪು ಹೊರಡದಿದ್ದರೆ ಆ ವಾರ ಕನ್ನಡ ಪಿಕ್ಚರ್ ಯಾವುದೂ ಬಂದಿಲ್ಲ ಎಂದೇ ತಿಳಿಯಬೇಕು. ಈಗಿನ ವಿಮರ್ಶಕರು ಬರೆಯುವುದು ಕಡಿಮೆ, ಹರಟುವುದು ಹೆಚ್ಚು. ಸಿನಿಮಾ, ಹಾಸ್ಯ, ಹಾಡು ಮೂರನ್ನೂ ಒಂದು ಚಹಾ ಆರುವುದರೊಳಗೆ ಮುಗಿಸುತ್ತಾರೆ. ಹರಟೆಯ ಬಗ್ಗೆ ತಕರಾರಿಲ್ಲ. ಪಂಡಿತರ ಗಂಟುಮೋರೆಗಿಂತ ಅದೇ ವಾಸಿ. ತಕರಾರಿರುವುದು ‘ವರ್ಕೌಟ್’ ಎಂಬ ಒಂದೇ ಮಾತಿನ ಮೇಲೆ. ಜಿಮ್ಮಿನ ಬೆವರಿಗೂ, ಮುರಿದುಬಿದ್ದ ಹೆಣ್ಣು ನೋಡುವ ಶಾಸ್ತ್ರಕ್ಕೂ, ಪ್ಲಾಟಿನ ವ್ಯವಹಾರಕ್ಕೂ ಸಲ್ಲುವ ಈ ಪದ ಟಾಕೀಸಿನೊಳಕ್ಕೂ ನುಗ್ಗಿ, ಅಲ್ಲಿ ಮೊದಲೇ ಕೂತಿದ್ದ ಹಳೆಯ ಪದವೊಂದನ್ನು ಎಬ್ಬಿಸಿ ಕಳಿಸಿದೆ. ಆ ಪದ ‘ಆಟ’.

ಸಿನಿಮಾ ಪೋಸ್ಟರಿನ ಅಡಿಯಲ್ಲಿ ‘ದಿನಾಲೂ 4 ಆಟಗಳು’ ಎಂದು ಅಚ್ಚಾಗುತ್ತಿದ್ದುದನ್ನು ಮಧ್ಯವಯಸ್ಸು ದಾಟಿದವರು ಮರೆತಿರಲಾರರು. ‘ಎರಡನೇ ಆಟಕ್ಕ ಹೋಗೂಣೇನು?’ ಎಂದರೆ ರಾತ್ರಿಯ ಪಿಕ್ಚರ್ ಎಂದು ಧಾರವಾಡ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಇದು ‘ಶೋ’ ಎಂಬುದರ ತರ್ಜುಮೆ ಅಷ್ಟೇ ಎಂದು ಕೆಲವರು ವಾದಿಸುತ್ತಾರೆ. ತರ್ಜುಮೆಯಾಗಿದ್ದರೆ ‘ನೋಟ’ ಆಗಬೇಕಿತ್ತು, ಇಲ್ಲವೇ ಸರಕಾರಿ ಕಾಗದಗಳ ‘ಪ್ರದರ್ಶನ’. ಕಂಪನಿ ನಾಟಕದವರಂತೂ ಮರ್ಯಾದೆಯ ಮಾತು ಬೇಕೆಂದು ‘ಪ್ರಯೋಗ’ವನ್ನು ಹಿಡಿದು, 100ನೆಯ ಪ್ರಯೋಗ ಎಂದು ಕರಪತ್ರ ಹಂಚಿದರು. ಇಷ್ಟು ಪದಗಳು ಕೈಗೆ ಎಟಕುವಂತಿದ್ದರೂ ಸಿನಿಮಾ ನೋಡುವವರು ‘ಆಟ’ವನ್ನೇ ಆರಿಸಿಕೊಂಡರು. ಏಕೆಂದರೆ ಕತ್ತಲಲ್ಲಿ ಬಿಳಿ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ಆಡುವ ಚಿತ್ರ ತೋರಿಸುವ ಕಲೆ ಅವರಿಗೆ ಹೊಸದಾಗಿರಲಿಲ್ಲ. ಕಿಳ್ಳೇಕ್ಯಾತರು ಊರೂರಿಗೆ ಹೊತ್ತು ತರುತ್ತಿದ್ದ ತೊಗಲುಗೊಂಬೆಯಾಟದಲ್ಲಿ ಪರದೆಯೂ ಇತ್ತು, ಹಿನ್ನೆಲೆ ಗಾಯನವೂ ಇತ್ತು, ರಾಮಾಯಣದ ನಡುವೆ ನುಗ್ಗಿ ಪೋಲಿ ಮಾತಾಡುವ ಕಾಮಿಡಿಯೂ ಇತ್ತು. ಟೂರಿಂಗ್ ಟಾಕೀಸಿನವರು ಬಂದು ಪರದೆ ಕಟ್ಟಿದಾಗ ಜನ ಅದನ್ನು ಗೊಂಬೆಯಾಟದ ಸಾಲಿಗೆ ಸೇರಿಸಿ ಅದೇ ಹೆಸರಿನಿಂದ ಕರೆದರು ಎಂಬುದು ಈ ಅಂಕಣದ ಹಟ.

ಈ ಹಟಕ್ಕೆ ಅಳ್ನಾವರವೇ ಸಾಕ್ಷಿ ಕೊಡುತ್ತದೆ. ಅಲ್ಲಿಂದ ಪೂರ್ವಕ್ಕೆ ಧಾರವಾಡದ ಕಡೆ ಹೊರಟರೆ ದೊಡ್ಡಾಟ, ಸಣ್ಣಾಟಗಳ ನಾಡು. ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾಗಳನ್ನು ಬೆಳಗಿನವರೆಗೆ ನೋಡಿದ ಜನ. ಪಶ್ಚಿಮಕ್ಕೆ ಲೋಂಡಾ, ಖಾನಾಪುರದ ಕಡೆ ಮರಾಠಿ. ಅವರೂ ಸಿನಿಮಾದ ಒಂದೊಂದು ಸರದಿಗೆ ‘ಖೇಳ’ ಎನ್ನುತ್ತಾರೆ. ದಕ್ಷಿಣಕ್ಕೆ ಹಳಿಯಾಳ ದಾಟಿ ಘಟ್ಟ ಇಳಿದರೆ ಯಕ್ಷಗಾನದ ಸೀಮೆ. ಅಲ್ಲಿ ‘ಇವತ್ತು ಆಟ ಐತಿ’ ಅಲ್ಲ, ‘ಆಟ ಉಂಟು’, ವ್ಯತ್ಯಾಸ ಕ್ರಿಯಾಪದದ್ದು ಮಾತ್ರ. ಮರಾಠಿಯ ಖೇಳವನ್ನೇ ನಾವು ಕನ್ನಡಿಸಿಕೊಂಡೆವೆಂದು ಯಾರಾದರೂ ಅಡ್ಡ ಬರಬಹುದು. ಆದರೆ ಮರಾಠಿಯ ಸೋಂಕು ಕಡಿಮೆಯಿರುವ ಕಡೆಯೂ ತೆಲುಗರು ‘ಆಟ’ ಎನ್ನುತ್ತಾರೆ, ತಮಿಳರು ‘ಆಟ್ಟಂ’ ಎನ್ನುತ್ತಾರೆ, ಮಲಯಾಳಿಗಳು ‘ಕಳಿ’ ಎನ್ನುತ್ತಾರೆ. ಒಬ್ಬರಿಂದೊಬ್ಬರು ಕದ್ದದ್ದಲ್ಲ, ಬಯಲಿನಲ್ಲಿ ಕೂತು ನೋಡಿದವರೆಲ್ಲರ ಒಂದೇ ನೆನಪು.

ಹೆಸರು ಯಾವುದಾದರೇನು, ಪಿಕ್ಚರ್, ಟಾಕೀಸ್, ಇಂಟರ್ವಲ್ ಎಲ್ಲ ಹೊರಗಿನಿಂದ ಬಂದವೇ ಅಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹೌದು, ಅವು ಬಂದವು, ಇರಲಿ. ಅವು ಹೊಸ ವಸ್ತುಗಳ ಜೊತೆ ಬಂದ ಹೆಸರುಗಳು. ಯಾರ ಜಾಗವನ್ನೂ ಕಸಿಯಲಿಲ್ಲ. ವರ್ಕೌಟ್ ವಸ್ತುವಿನ ಹೆಸರಲ್ಲ, ಒಂದು ಅಳತೆಗೋಲು. ಅದು ಬಂದ ಮೇಲೆ ಸಿನಿಮಾವನ್ನು ಬಿಡಿಭಾಗ ಮಾಡಿ ಕಾಮಿಡಿ ಬೇರೆ, ಸಾಂಗ್ಸ್ ಬೇರೆ, ಕಥೆ ಬೇರೆ ಎಂದು ಒಂದೊಂದಕ್ಕೂ ಅಂಕ ಹಾಕುವುದು ರೂಢಿಯಾಯಿತು. ‘ಮುಂಗಾರು ಮಳೆ’ಯನ್ನು ಹೀಗೆ ಬಿಚ್ಚಿ ನೋಡಿ. 2006ರ ಆ ಚಿತ್ರದಲ್ಲಿ ಪ್ರೀತಂ ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಾನೆ, ಕೇಳುವುದಕ್ಕೆ ದೇವದಾಸ ಎಂಬ ಮೊಲ. ಅದು ಕಾಮಿಡಿಯ ಖಾತೆಗೆ ಹೋಗಬೇಕೋ, ಕಥೆಯ ಖಾತೆಗೋ? ನಗಿಸುತ್ತಿದ್ದ ಅದೇ ಮೊಲ ಕೊನೆಗೆ ಸಾಯುವಾಗ ಅಳಿಸುತ್ತದೆ. ಹಾಡುಗಳನ್ನು ತೆಗೆದರೆ ಮಳೆ ನಿಲ್ಲುತ್ತದೆ, ಮಳೆ ನಿಂತರೆ ಪಿಕ್ಚರೇ ಇಲ್ಲ. ಇಂಥದ್ದನ್ನು ಹೇಳಲು ‘ಆಟ’ ಸಾಕು, ‘ವರ್ಕೌಟ್’ ಸಾಲದು.

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನಾವು ಬೈಗುಳದ ಹಾಗೆ ಬಳಸುತ್ತೇವೆ. ಪಂಚಾಯ್ತಿಯಲ್ಲಿ ಯಾರೂ ಕೇಳದ ಸದಸ್ಯನಿಗೂ, ಮನೆಯಲ್ಲಿ ಮಾತು ನಡೆಯದ ಅಳಿಯನಿಗೂ ಅದೇ ಬಿರುದು. ಅದು ಹುಟ್ಟಿದ್ದು ಮಾತ್ರ ಅಂತಃಕರಣದಿಂದ. ಲಗೋರಿಯಲ್ಲೋ ಕುಂಟಾಟದಲ್ಲೋ ತಮ್ಮನೋ ತಂಗಿಯೋ ಅಳುತ್ತ ಬಂದರೆ ದೊಡ್ಡವರು ಸೇರಿಸಿಕೊಳ್ಳುತ್ತಾರೆ, ಮುಟ್ಟಿದರೂ ಔಟಿಲ್ಲ. ಆ ಕೂಸಿಗೆ ಸೋಲಿಲ್ಲ, ಗೆಲುವೂ ಇಲ್ಲ, ಓಟ ಮಾತ್ರ ಉಂಟು. ಅಂದರೆ ಈ ಮಾತು ಆಟವನ್ನೂ ಲೆಕ್ಕವನ್ನೂ ಎರಡು ಬೇರೆ ಮನೆಯವೆಂದು ಒಪ್ಪಿಕೊಂಡಿದೆ. ದೊಡ್ಡಾಟದ ಸಾರಥಿಯನ್ನು ನೋಡಿ. ಕಿರೀಟ ಹೊತ್ತು ಕುಣಿಯುತ್ತ ಬಂದ ರಾಜನ ಮುಂದೆ ನಿಂತು ತಾವು ಯಾರು, ಯಾವ ಪಟ್ಟಣದವರು, ಏನು ಕಾರಣ ಬಂದಿರಿ ಎಂದು ಕೇಳುವವನು ಅವನು. ಮಹಾಭಾರತದ ಲೆಕ್ಕದಲ್ಲಿ ಅವನಿಲ್ಲ. ವ್ಯಾಸರಿಗೆ ಅವನ ಪರಿಚಯವೇ ಇಲ್ಲ. ಆದರೆ ಅವನು ಕೇಳದಿದ್ದರೆ ರಾಜ ಬಾಯಿ ಬಿಡುವುದಿಲ್ಲ, ಅವನು ನಗಿಸದಿದ್ದರೆ ನಡುರಾತ್ರಿಯ ಮಂದಿ ಏಳುವುದಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರ ಜೊತೆಗೇ ತೆರೆಗೆ ಬಂದ ನರಸಿಂಹರಾಜು ಅವರೂ ಈ ಸಾರಥಿಯ ವಂಶಸ್ಥರೇ. ಹರಟುವ ವಿಮರ್ಶಕನಿಗೂ ಒಪ್ಪುವುದು ಇದೇ ಜಾಗ: ಆಟದೊಳಗೆ ನಿಂತು ದೊಡ್ಡವರನ್ನು ನೀವ್ಯಾರು ಎಂದು ಕೇಳುವುದು. ಈಗ ಅವನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಎಷ್ಟು ಕೋಟಿ, ಎಷ್ಟು ವ್ಯೂಸು, ಎಷ್ಟು ಸ್ಟಾರು ಎಂದು ಎಣಿಸುತ್ತಾನೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆಟವೆಂದರೆ ಹುಡುಗಾಟ, ಗಂಭೀರ ಕಲೆಗೆ ಅದು ಹಗುರವಾದ ಮಾತು ಎನ್ನುವವರೂ ಇದ್ದಾರೆ. ಕರಾವಳಿಯವರು ದೇವರಿಗೆ ಹರಕೆ ಹೊತ್ತು ಆಡಿಸುವುದು ‘ಹರಕೆ ಆಟ’ವನ್ನು. ಗಿರೀಶ ಕಾರ್ನಾಡರು ತಮ್ಮ ಆತ್ಮಕಥೆಗೆ ಬೇಂದ್ರೆಯವರ ಮಾತನ್ನೇ ತೆಗೆದುಕೊಂಡು ‘ಆಡಾಡತ ಆಯುಷ್ಯ’ ಎಂದು ಹೆಸರಿಟ್ಟರು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 2011ರಲ್ಲಿ ಪ್ರಕಟಿಸಿತು. ದೇವರನ್ನೂ ಆಯುಷ್ಯವನ್ನೂ ಹೊತ್ತ ಪದಕ್ಕೆ ಮೂರು ತಾಸಿನ ಪಿಕ್ಚರ್ ಭಾರವಾಗಲಾರದು. ಅದರ ಸುತ್ತ ಬೆಳೆದ ಮಾತುಗಳೂ ಸಿದ್ಧವಾಗಿಯೇ ಇವೆ: ಆಟ ಕಳೆಗಟ್ಟಿತು, ರಂಗೇರಿತು, ಸಪ್ಪಗಾಯಿತು. ಇವುಗಳಲ್ಲಿ ಒಂದೂ ಹಾಡಿಗೆ ಬೇರೆ, ಹಾಸ್ಯಕ್ಕೆ ಬೇರೆ ಎಂದು ಅಂಕ ಕೊಡುವುದಿಲ್ಲ. ಇಡೀ ರಾತ್ರಿಗೆ ಒಂದೇ ತೀರ್ಪು. ತೊಂದರೆಯೂ ಅಲ್ಲೇ ಇದೆ. ಕಾಮಿಡಿ ವರ್ಕೌಟ್ ಆಗಿದೆ ಎಂದು ಇಂಟರ್ವಲ್ಲಿನಲ್ಲೇ ಮೊಬೈಲ್ ಹಿಡಿದು ಹೇಳಿಬಿಡಬಹುದು; ಆಟ ಕಳೆಗಟ್ಟಿತು ಎನ್ನಬೇಕಾದರೆ ಕೊನೆತನಕ ಕೂರಲೇಬೇಕು. ಪದ ಬದಲಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕುವ ಅಗತ್ಯ ಕಾಣುವುದಿಲ್ಲ.