ಮಗ್ದಲದ ಮರಿಯಳ ಭರಣಿ

ಶಂಖಚಕ್ರಗಳನ್ನು ಕಂಡೊಡನೆ ವಿಷ್ಣುಮೂರ್ತಿಯೆಂದು ತಿಳಿಯುವಂತೆ, ಯುರೋಪಿನ ಚರ್ಚುಗಳಲ್ಲಿ ಕೈಯಲ್ಲಿರುವ ವಸ್ತುವಿನಿಂದ ಕ್ರೈಸ್ತ ಸಂತರನ್ನು ಗುರುತಿಸುವ ಪದ್ಧತಿಯುಂಟು. ಅವರ ಮುಖವನ್ನು ಚಿತ್ರಕಾರನು ಕಂಡವನಲ್ಲ. ಕೆಳಗೆ ಹೆಸರನ್ನು ಬರೆದರೂ ಹಿಂದಿನ ಕಾಲದಲ್ಲಿ ಓದಬಲ್ಲವರು ವಿರಳ. ಆದಕಾರಣ ಲಾಂಛನವೇ ನಾಮಧೇಯವಾಯಿತು. ಬೀಗದ ಕೈಗಳನ್ನು ಹಿಡಿದವನು ಪೇತ್ರ. ಸ್ವರ್ಗರಾಜ್ಯದ ಬೀಗದ ಕೈಗಳನ್ನು ಕ್ರಿಸ್ತನು ಅವನಿಗೆ ವಾಗ್ದಾನ ಮಾಡಿದ ವೃತ್ತಾಂತವು ಮತ್ತಾಯನ ಸುವಾರ್ತೆಯಲ್ಲಿದೆ. ಅನೇಕರಿಗೆ ವಧೆಗಾಗಿ ತಂದ ಸಾಧನವೇ ಬಿರುದು: ಪೌಲನಿಗೆ ಖಡ್ಗ, ಕ್ಯಾಥರೀನಳಿಗೆ ಮೊಳೆಗಳುಳ್ಳ ಚಕ್ರ, ಲಾರೆನ್ಸನಿಗೆ ಅವನನ್ನು ಸುಟ್ಟರೆಂಬ ಕಬ್ಬಿಣದ ಸರಳುಗಳ ಚೌಕಟ್ಟು. ಬಾರ್ತೊಲೊಮಾಯನ ಚರ್ಮವನ್ನು ಸುಲಿದರೆಂಬುದು ಐತಿಹ್ಯ. ವ್ಯಾಟಿಕನ್ನಿನ ಸಿಸ್ಟೈನ್ ಮಂದಿರದಲ್ಲಿ ಮೈಕೆಲೇಂಜಲೋ ೧೫೪೧ರಲ್ಲಿ ಮುಗಿಸಿದ ‘ಅಂತಿಮ ತೀರ್ಪು’ ಎಂಬ ಭಿತ್ತಿಚಿತ್ರದಲ್ಲಿ ಅವನು ಆ ಚರ್ಮವನ್ನೇ ಕೈಯಲ್ಲಿ ಹಿಡಿದಿರುವನು. ಪೀಡಕರು ತಂದ ಆಯುಧವು ಭಕ್ತರ ಕಣ್ಣಿಗೆ ಜಯಚಿಹ್ನೆಯಾಯಿತು.

ಆದರೆ ಲಾಂಛನವು ಒಂದೇ ಆಗಿದ್ದು ಅದರ ಅರ್ಥವು ಪಲ್ಲಟವಾಗುವುದೂ ಉಂಟು. ಭರಣಿಯನ್ನು ಹಿಡಿದ ಸ್ತ್ರೀಯು ಮಗ್ದಲದ ಮರಿಯಳು. ಕ್ರಿಸ್ತನ ದೇಹಕ್ಕೆ ಹಚ್ಚಲು ಸುಗಂಧದ್ರವ್ಯಗಳನ್ನು ಕೊಂಡು ಸಮಾಧಿಗೆ ಹೋದವರಲ್ಲಿ ಇವಳೊಬ್ಬಳೆಂದು ಮಾರ್ಕನು ಬರೆದಿರುವನು. ಆದ್ದರಿಂದ ಭರಣಿಯು ಇವಳಿಗೆ ನ್ಯಾಯವಾಗಿಯೇ ಸಲ್ಲುವುದು. ಲೂಕನ ಸುವಾರ್ತೆಯಲ್ಲಿ ಭರಣಿಯನ್ನು ತಂದ ಮತ್ತೊಬ್ಬಳುಂಟು. ಅವಳು ಕ್ರಿಸ್ತನ ಪಾದಗಳನ್ನು ಕಣ್ಣೀರಿನಿಂದ ನೆನೆಸಿ ತೈಲವನ್ನು ಹಚ್ಚಿದ ಪಾಪಿನಿ. ಅವಳ ಹೆಸರನ್ನು ಲೂಕನು ಹೇಳಿಲ್ಲ. ೫೯೧ರಲ್ಲಿ ಪೋಪ್ ಮಹಾಗ್ರೆಗೊರಿಯು ಒಂದು ಉಪದೇಶದಲ್ಲಿ ಇವರಿಬ್ಬರನ್ನೂ ಬೇಥಾನ್ಯದ ಮರಿಯಳನ್ನೂ ಒಬ್ಬಳೇ ಎಂದೆಣಿಸಿದನು. ಓದುಬಾರದವರಿಗೆ ಚಿತ್ರವೇ ಗ್ರಂಥವೆಂಬ ಅಭಿಪ್ರಾಯವನ್ನು ಮಾರ್ಸೇಲ್ಸಿನ ಬಿಷಪನಿಗೆ ೬೦೦ರಲ್ಲಿ ಬರೆದು ತಿಳಿಸಿದವನೂ ಇವನೇ. ಎರಡು ಮಾತುಗಳೂ ಫಲಿಸಿದವು. ಪಶ್ಚಿಮದ ಜನರು ಚಿತ್ರವನ್ನು ಓದಿದರು; ಭರಣಿಯಲ್ಲಿ ಪಾಪಿನಿಯ ಕಥೆಯನ್ನೇ ಓದಿದರು. ೧೫೩೦ರ ದಶಕದಲ್ಲಿ ಟಿಷಿಯನನು ಬರೆದ ಮರಿಯಳು ಬಿಡಿಗೂದಲನ್ನೇ ಹೊದೆದು ಮೇಲೆ ನೋಡುತ್ತ ಕಣ್ಣೀರಿಡುವಳು, ಭರಣಿಯು ಪಕ್ಕದಲ್ಲಿದೆ. ಪೂರ್ವದ ಆರ್ಥೊಡಾಕ್ಸ್ ಚರ್ಚು ಮಾತ್ರ ಇವರನ್ನು ಬೇರೆಬೇರೆಯಾಗಿಯೇ ಎಣಿಸುತ್ತ ಬಂದಿದೆ. ಅಲ್ಲಿ ಮಗ್ದಲದವಳು ಸುಗಂಧವನ್ನು ಹೊತ್ತ ಸ್ತ್ರೀಯರಲ್ಲಿ ಒಬ್ಬಳು.

೧೯೬೯ರಲ್ಲಿ ರೋಮಿನ ಚರ್ಚು ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ, ಜುಲೈ ೨೨ರ ಸ್ಮರಣೆಯು ಪುನರುತ್ಥಾನಾನಂತರ ಕ್ರಿಸ್ತನ ದರ್ಶನವನ್ನು ಪಡೆದವಳದೇ ಹೊರತು ಪಾಪಿನಿಯದಲ್ಲವೆಂದು ಸ್ಪಷ್ಟಪಡಿಸಿತು. ೨೦೧೬ರಲ್ಲಿ ಆ ದಿನಕ್ಕೆ ಅಪೊಸ್ತಲರ ಹಬ್ಬಗಳಿಗೆ ಸಮಾನವಾದ ಪದವಿಯು ದೊರೆಯಿತು. ಒಬ್ಬ ಸಾಧ್ವಿಯ ಮೇಲಿನ ಅಪವಾದವು ನೀಗಲು ಹದಿಮೂರು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಳೆಯ ಚಿತ್ರಗಳಲ್ಲಿ ಭರಣಿಯು ಹಾಗೆಯೇ ಇದೆ, ಇರಲೂ ತಕ್ಕದ್ದು. ಅದು ಸಮಾಧಿಯ ಬಾಗಿಲಿಗೆ ಒಯ್ದ ಭರಣಿಯೆಂದು ನೋಡುವವರು ನೆನೆದರೆ ಸಾಕು.