ಪ್ಲಾಸ್ಟರ್ ಆಗದ ಗೋಡೆ

ವಿಧಾನಸೌಧದ ಫೋಟೊ ತೆಗೆಯುವವರೆಲ್ಲ ಹೈಕೋರ್ಟಿಗೆ ಬೆನ್ನು ಹಾಕಿಯೇ ನಿಲ್ಲಬೇಕು. ಎದುರುಬದುರು ಇರುವ ಕಟ್ಟಡಗಳ ಹಣೆಬರಹವೇ ಅದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮೊದಲ ಸಲ ಬೆಂಗಳೂರಿಗೆ ಕರೆತಂದು ಅದೇ ರಸ್ತೆಯಲ್ಲಿ ನಿಲ್ಲಿಸಿದ್ದರು. ಅಪ್ಪ ಗಾರೆ ಕೆಲಸದವರು. ನಾನು ಗುಮ್ಮಟ ನೋಡುತ್ತ ಬಾಯಿ ಬಿಟ್ಟುಕೊಂಡಿದ್ದರೆ ಅವರ ಕಣ್ಣು ಮಾತ್ರ ಕಲ್ಲಿಗೂ ಕಲ್ಲಿಗೂ ನಡುವಿನ ಸಂದಿನ ಮೇಲಿತ್ತು. "ಒಂದು ಕೂದಲು ಹೋಗಲ್ಲ ನೋಡು" ಎಂದರು. ಆಮೇಲೆ ಹಿಂದಿರುಗಿ ಆ ಕೆಂಪು ಕಟ್ಟಡ ನೋಡಿ, "ಇದು ಬೇರೆ ಕೈ" ಎಂದರು. ವಾಸ್ತುಶಿಲ್ಪದ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಇದೇ.

ಕೈ ಬೇರೆಯೇ ಆಗಿತ್ತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ ಮೇಲೆ ಸರ್ಕಾರದ ಕಚೇರಿಗಳು ನಡೆದದ್ದು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ. ಹೈದರ್ ಶುರು ಮಾಡಿ, ಟಿಪ್ಪು 1791ರಲ್ಲಿ ಮುಗಿಸಿದ, ತೇಗದ ಕಂಬಗಳ ಆ ಬೇಸಿಗೆ ಅರಮನೆಯಲ್ಲಿ ಗುಮಾಸ್ತರು ಕಡತ ಬಿಡಿಸಿಕೊಂಡು ಕೂತಿದ್ದ ದೃಶ್ಯವನ್ನು ಊಹಿಸಿದರೆ ನನಗೆ ಈಗಲೂ ನಗು ಬರುತ್ತದೆ. ಅಲ್ಲಿ ಜಾಗ ಸಾಲದೆ 1868ರಲ್ಲಿ ಹೊಸ ಕಟ್ಟಡಕ್ಕೆ ಬಂದರು. ಹದಿನೆಂಟು ಇಲಾಖೆಗಳಿದ್ದದ್ದರಿಂದ ಜನರ ಬಾಯಲ್ಲಿ ಅದು ಅಠಾರಾ ಕಚೇರಿ. ಎರಡೇ ಮಹಡಿ, ಕೆಂಪು ಬಣ್ಣ, ಗ್ರೀಕ್ ಮಾದರಿಯ ಕಂಬಗಳ ಮುಖಮಂಟಪ. ಸರ್ಕಾರದ ಎರಡನೇ ಮನೆ ಇದು.

ಮೂರನೆಯದು ಎದುರಿನದು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ದು ಸಾಧಾರಣ ಕಟ್ಟಡವೊಂದಕ್ಕೆ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರಿಗೆ ಆ ನಕ್ಷೆ ಹಿಡಿಸಲಿಲ್ಲ. ಪರದೇಶದವರು ಕಟ್ಟಿಹೋದ ಕಟ್ಟಡದೆದುರು ನಮ್ಮ ಮಣ್ಣಿನದೇ ಒಂದು ನಿಲ್ಲಬೇಕೆಂಬ ಹಟ ಅವರದು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ನಕ್ಷೆ ಬದಲಾಯಿತು, 700 ಅಡಿ ಉದ್ದ, 350 ಅಡಿ ಅಗಲಕ್ಕೆ ಬೆಳೆಯಿತು. 40 ಅಡಿಯ 12 ಕಂಬಗಳು ಎದ್ದವು. ಖರ್ಚು 1.75 ಕೋಟಿ ದಾಟಿತು, ದುಂದುವೆಚ್ಚದ ಆರೋಪವೂ ಬಂತು. ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕಟ್ಟಡ ಮುಗಿದ 1956ರಲ್ಲೇ ಹನುಮಂತಯ್ಯ ಅಧಿಕಾರ ಕಳೆದುಕೊಂಡರು. ದೇವಸ್ಥಾನದ ಮುಖವನ್ನು ಕಚೇರಿಗೆ ಅಂಟಿಸುವುದು ಸರಿಯೇ ಎಂಬ ತಕರಾರು ನನಗೆ ಇಂದಿಗೂ ಇದೆ. ಆದರೆ ಆ ಸಂದುಗಳನ್ನು ನೋಡಿದವನಿಗೆ ತಕರಾರು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. 2005ರಲ್ಲಿ ಪಕ್ಕದಲ್ಲೇ ಎದ್ದ ವಿಕಾಸಸೌಧದ ಬಗ್ಗೆ ನನಗೆ ಆ ಸಂಕೋಚವಿಲ್ಲ. ಅಣ್ಣನ ಅಂಗಿ ಹಾಕಿಕೊಂಡ ತಮ್ಮನಂತೆ ಕಾಣುತ್ತದೆ ಅದು.

ಎರಡನೇ ಮನೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೈಕೋರ್ಟಾಗಿದ್ದ ಅಠಾರಾ ಕಚೇರಿಯನ್ನೇ ಕೆಡವಿ ಹೊಸದು ಕಟ್ಟುವ ಯೋಚನೆ 1980ರ ದಶಕದಲ್ಲಿ ಬಂತು. ಜನ ಕೋರ್ಟಿನ ಮೆಟ್ಟಿಲೇರಿದರು, ಅಂದರೆ ಅದೇ ಕಟ್ಟಡದ ಮೆಟ್ಟಿಲನ್ನು. ತಾನು ಇರಬೇಕೋ ಬೇಡವೋ ಎಂಬ ವಾದವನ್ನು ತನ್ನದೇ ಸೂರಿನಡಿ ಕೇಳಿಸಿಕೊಂಡ ಕಟ್ಟಡ ಇನ್ನೊಂದಿದೆಯೋ ಕಾಣೆ. ಕೊನೆಗೆ ಉಳಿಯಿತು. ಆಗ ಅದಕ್ಕೆ ನೂರು ವರ್ಷ ದಾಟಿತ್ತು. ವಯಸ್ಸು ಅದನ್ನು ಕಾಯಲಿಲ್ಲ, ದಿನಾ ಅದರ ಮುಂದೆ ಓಡಾಡುತ್ತಿದ್ದವರು ಕಾದರು.

ಹಳೆಯದಕ್ಕಾದರೆ ಹಾಗೆ ಓಡಿಬರುವವರಿದ್ದಾರೆ. ನನ್ನ ಭಯ ಇರುವುದು ನಡುವಯಸ್ಸಿನ ಕಟ್ಟಡಗಳ ಬಗ್ಗೆ. ಕೇಂದ್ರದ ಸ್ಮಾರಕ ಕಾಯ್ದೆಯ ಲೆಕ್ಕದಲ್ಲಿ ಪ್ರಾಚೀನವೆನಿಸಿಕೊಳ್ಳಲು ನೂರು ವರ್ಷ ಆಗಿರಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಅನ್ನು 2017ರಲ್ಲಿ ರಾತ್ರೋರಾತ್ರಿ ಉರುಳಿಸಿದರು. ಅಲ್ಲಿನ ಪರಂಪರೆ ಸಮಿತಿ ಅರವತ್ತು ವರ್ಷ ತುಂಬದ ಕಟ್ಟಡಗಳನ್ನು ಪರಿಗಣಿಸುವುದಿಲ್ಲ ಎಂದುಬಿಟ್ಟಿತ್ತು. ಬಾಲ್ಯ ಕಳೆದಿದೆ, ಮುಪ್ಪು ಬಂದಿಲ್ಲ, ಹಾಗಾಗಿ ಕೇಳುವವರಿಲ್ಲ.

ಇದೆಲ್ಲ ಹೊಳೆದದ್ದು ನಾಲ್ಕನೆಯ ಕಟ್ಟಡವೊಂದರಲ್ಲಿ. ಅದು ಸರ್ಕಾರದ ಮನೆಯಲ್ಲ, ಬನ್ನೇರುಘಟ್ಟ ರಸ್ತೆಯ ಐಐಎಂ. ಬಿ.ವಿ. ದೋಶಿ ಅದರ ಶಿಲ್ಪಿ, ಭಾರತದವರಲ್ಲಿ ಮೊದಲ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದವರು. ಕೆಲಸ ಶುರುವಾದದ್ದು ಎಪ್ಪತ್ತರ ದಶಕದಲ್ಲಿ. ಬರಿಯ ಕಾಂಕ್ರೀಟು, ಒರಟು ಬೂದುಗಲ್ಲು. ನಾನು ಬಹಳ ಕಾಲ ಅದನ್ನು ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿದ ಕಟ್ಟಡ ಎಂದೇ ತಮಾಷೆ ಮಾಡುತ್ತಿದ್ದೆ. ಅಲ್ಲಿ ಓದುತ್ತಿದ್ದ ಅಕ್ಕನ ಮಗಳು ಒಂದು ಭಾನುವಾರ ನನ್ನನ್ನೂ ಅಪ್ಪನನ್ನೂ ಒಳಗೆ ಕರೆದೊಯ್ದಳು. ಅಪ್ಪನಿಗೆ ಆಗಲೇ ಎಂಬತ್ತರ ಹತ್ತಿರ. ಒಳಗೆ ಕಾಲಿಟ್ಟವರೇ, "ಇನ್ನೂ ಪ್ಲಾಸ್ಟರೇ ಮಾಡಿಲ್ವಲ್ಲ ಮಗ!" ಎಂದರು. ನಾನು ಗೆದ್ದೆ ಅಂದುಕೊಂಡೆ.

ಆ ಓಣಿಗಳಲ್ಲಿ ನಡೆಯುತ್ತ ಹೋದೆವು. ತಲೆಯ ಮೇಲೆ ಕೆಲವೆಡೆ ಸೂರು, ಕೆಲವೆಡೆ ಬರೀ ತೊಲೆಗಳು, ಅದರ ನಡುವೆ ಬಳ್ಳಿ, ಬಳ್ಳಿಯ ನಡುವೆ ಬಿಸಿಲು. ನಮ್ಮ ಊರಿನ ಹಜಾರ ದಾಟಿ ಅಂಗಳ, ಅಂಗಳ ದಾಟಿ ಹಿತ್ತಿಲು, ಆ ಲೆಕ್ಕದಲ್ಲೇ ಬೆಳಕು ನೆರಳು ಬದಲಾಗುತ್ತ ಬರುತ್ತದೆ. ದೋಶಿಯವರ ಮನಸ್ಸಿನಲ್ಲಿದ್ದದ್ದು ಅಕ್ಬರನ ಫತೇಪುರ ಸಿಕ್ರಿ. ಆದರೂ ಅದರ ಒಂದು ಕಮಾನನ್ನೂ ಇಲ್ಲಿಗೆ ಎತ್ತಿ ತಂದಿಲ್ಲ. ಅಲ್ಲಿ ಅಂಗಳದಿಂದ ಅಂಗಳಕ್ಕೆ ನಡೆಯುವ ಸುಖವನ್ನಷ್ಟೇ ತಂದಿದ್ದಾರೆ. ಹಳೆಯದರಿಂದ ಏನು ತೆಗೆದುಕೊಳ್ಳಬೇಕೆಂಬುದಕ್ಕೆ ವಿಕಾಸಸೌಧ ಕೊಡುವ ಉತ್ತರ ಒಂದು, ಇದು ಇನ್ನೊಂದು. ನನಗೆ ಹಿಡಿಸಿದ್ದು ಎರಡನೆಯದು, ನಲವತ್ತು ವರ್ಷ ತಡವಾಗಿ.

ಅಕ್ಕನ ಮಗಳು ಕಾಫಿ ತರಲು ಹೋದಳು. ಅಪ್ಪ ಒಂದು ಗೋಡೆಯ ಬಳಿ ನಿಂತು ಕನ್ನಡಕ ಮೇಲೇರಿಸಿ ಕಲ್ಲಿನ ಮೈ ಸವರುತ್ತಿದ್ದರು. ಚಾಣದ ಏಟುಗಳು ಬೆರಳಿಗೆ ಸಿಗುತ್ತಿದ್ದವು.

"ಪ್ಲಾಸ್ಟರ್ ಬಿಟ್ಟಿದ್ದು ಒಳ್ಳೇದಾಯ್ತು" ಎಂದರು. "ಮಾಡಿದ್ರೆ ಇವನ ಕೈ ಮುಚ್ಚೋಗ್ತಿತ್ತು."

ಕಾಫಿ ಬಂದ ಮೇಲೂ ಅವರು ಅಲ್ಲಿಂದ ಕದಲಲಿಲ್ಲ. ಲೋಟವನ್ನು ಅಲ್ಲಿಗೇ ಕೊಟ್ಟೆ.